ಚೆದುರಿದ ಶರಣರು ಒಂದಾಗಿ ಉಳಿದ ಬಗೆ

ಕಳೆದ ಎರಡು ದಿನಗಳಿಂದ ಕಲ್ಯಾಣದ ಕಥೆಯನ್ನು ಕೇಳುತ್ತ ಬಂದಿದ್ದೀರಿ. ಹರಳಯ್ಯ ಮಧುವರಸರ ಪ್ರಸಂಗ ಮುಗಿಯುವಾಗ ತಾಯಂದಿರು ಸೆರಗಿನಿಂದ ಕಣ್ಣೊರಸಿಕೊಂಡುದನ್ನು ನಾವು ನೋಡಿದೆವು. ನಿನ್ನೆ ಪ್ರಸಾದವಾದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, ‘ಅಜ್ಜಾರ, ಕಲ್ಯಾಣ ಹಾಳಾತು, ಶರಣರು ದಿಕ್ಕಿಗೊಬ್ಬರು ಹೋದ್ರು ಅಂತ ಅಪ್ಪಣಿ ಆತು. ಹಂಗಾರ ನಾವು ಹೆಂಗ ಉಳದ್ವಿ?’ ಎಂದು ಕೇಳಿದರು. ಪಂಡಿತರು ಕೇಳಬೇಕಾದ ಪ್ರಶ್ನೆ ಇದು. ಇಂದಿನ ಪ್ರವಚನವನ್ನು ಇದಕ್ಕೇ ಮೀಸಲಿಡೋಣ.

ಮೊದಲು, ಏನೇನು ಹೋಯಿತು ಎಂಬುದನ್ನು ಲೆಕ್ಕ ಹಾಕಿರಿ. ಬಿಜ್ಜಳನ ಆಳಿಕೆ ಕೊನೆಗೊಂಡುದು 1167-68ರ ಸುಮಾರಿಗೆ. ಅಷ್ಟರಲ್ಲಿ ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದ್ದರು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಗಿತ್ತು. ಚೆನ್ನಬಸವಣ್ಣನವರು ಶರಣರ ಗುಂಪಿನೊಡನೆ ಉಳವಿಯ ಕಾಡನ್ನು ಸೇರಿದರು. ಡೋಹರ ಕಕ್ಕಯ್ಯನವರ ಸಮಾಧಿ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿದೆ. ಸೊನ್ನಲಿಗೆಯ ಕಡೆಗೆ ಕೆಲವರು, ಶ್ರೀಶೈಲದ ಕಡೆಗೆ ಕೆಲವರು, ಮಲೆನಾಡಿನ ಕಡೆಗೆ ಕೆಲವರು ಹೋದರು. ಅನುಭವ ಮಂಟಪದ ಸಭೆ ಮತ್ತೆ ಅಲ್ಲಿ ಕೂಡಲಿಲ್ಲ. ಆಸರೆಯಾಗಿ ಒಬ್ಬ ಅರಸನಿರಲಿಲ್ಲ. ಇವರದೇ ಎನ್ನುವ ದೇವಾಲಯವಿರಲಿಲ್ಲ, ಉಂಬಳಿಯಿರಲಿಲ್ಲ, ರಾಜಧಾನಿಯಿರಲಿಲ್ಲ. ಹೋದವರೆಲ್ಲ ಒಂದೇ ಕುಲದವರೇ ಎಂದರೆ ಅದೂ ಅಲ್ಲ. ಅವರಲ್ಲಿ ಮಡಿವಾಳರಿದ್ದರು, ಅಂಬಿಗರಿದ್ದರು, ಮೇದಾರರಿದ್ದರು, ಹುಟ್ಟಿನಿಂದ ವಿಪ್ರರಾದವರಿದ್ದರು. ಒಂದೇ ನಾಡಿನವರೂ ಅಲ್ಲ. ಆದಯ್ಯನವರು ಸೌರಾಷ್ಟ್ರದಿಂದ, ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ರಕ್ತದ ಸಂಬಂಧವಿಲ್ಲದ, ನೆಲದ ಸಂಬಂಧವಿಲ್ಲದ, ಕಸುಬಿನ ಸಂಬಂಧವೂ ಇಲ್ಲದ ಈ ಜನ ಓಡಿಹೋದ ಮೇಲೆ ಒಂದು ತಲೆಮಾರಿನೊಳಗೆ ತಮ್ಮ ತಮ್ಮ ಹಳೆಯ ಕುಲಗಳಲ್ಲಿ ಕರಗಿಹೋಗಬೇಕಾಗಿತ್ತು. ಲೋಕದ ನ್ಯಾಯ ಹಾಗೆಯೇ ಇದೆ.

ಅವರು ಕರಗಲಿಲ್ಲ. ಅವರನ್ನು ಚೆದುರಿಸಿದ ಕಲಚುರಿಗಳ ಆಳಿಕೆಯಾದರೋ ಬಿಜ್ಜಳನ ತರುವಾಯ ಇಪ್ಪತ್ತು ವರ್ಷ ತುಂಬುವುದರೊಳಗೆ ಮುಗಿದುಹೋಯಿತು. ಸೇವುಣ ಅರಸ ಕನ್ನರನ ಕಾಲದ 1260ರ ಶಾಸನವೊಂದು ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿದೆ. ಅದು ಸಂಗನಬಸವನನ್ನೂ ಅವನ ವಂಶದವರನ್ನೂ ಗೌರವದಿಂದ ಹೆಸರಿಸುತ್ತದೆ. ತೊಂಬತ್ತು ವರ್ಷಗಳ ಹಿಂದೆ ಯಾರ ಬಳಗ ಊರು ಬಿಟ್ಟು ಹೋಗಬೇಕಾಯಿತೋ ಅವರ ಹೆಸರು ಕಲ್ಲಿನಲ್ಲಿ ಕೆತ್ತಿಸಿಕೊಳ್ಳುವ ಹೆಸರಾಗಿತ್ತು. ನಡುವೆ ಏನು ನಡೆಯಿತು?

ಇಲ್ಲಿ ಒಂದು ಶಬ್ದದ ವಿಚಾರ ಮಾಡೋಣ. ಪಾಠಶಾಲೆಯಲ್ಲಿ ವ್ಯಾಕರಣ ಓದಿದ ಚಾಳಿ, ಶಬ್ದವನ್ನು ಒಡೆದು ನೋಡದೆ ಮುಂದೆ ಹೋಗಲಾರೆವು. ಹಿಂದಿನವರು ಧರ್ಮಪಂಥಕ್ಕೆ ‘ಸಮಯ’ ಎನ್ನುತ್ತಿದ್ದರು. ಶೈವಸಮಯ, ಜೈನಸಮಯ ಎಂಬ ಮಾತುಗಳನ್ನು ನೀವು ಕೇಳಿರಬಹುದು. ‘ಸಂ’ ಎಂದರೆ ಒಟ್ಟಿಗೆ, ‘ಅಯ’ ಎಂದರೆ ಬರುವುದು, ನಡೆಯುವುದು. ಒಟ್ಟಿಗೆ ಬಂದು ಸೇರುವುದು ಸಮಯ. ಅದೇ ಶಬ್ದಕ್ಕೆ ಒಪ್ಪಂದವೆಂಬ ಅರ್ಥವಿದೆ, ಆಚಾರವೆಂಬ ಅರ್ಥವಿದೆ, ಕಾಲವೆಂಬ ಅರ್ಥವೂ ಇದೆ. ನೋಡಿರಿ, ಈ ಅರ್ಥಗಳೆಲ್ಲ ಒಂದೇ ಮನೆಯವು. ಒಂದು ಗೊತ್ತಾದ ಹೊತ್ತಿಗೆ, ಒಂದು ಗೊತ್ತಾದ ರೀತಿಯಲ್ಲಿ, ಒಂದೇ ಕೆಲಸವನ್ನು ಮಾಡಲು ಒಪ್ಪಿ ಬಂದವರ ಕೂಟವೇ ಸಮಯ. ಎಲ್ಲರ ಅಭಿಪ್ರಾಯವೂ ಒಂದೇ ಆಗಿರಬೇಕೆಂಬ ಮಾತು ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ಚೆದುರಿದ ಶರಣರ ಇತಿಹಾಸದ ಕೀಲಿಕೈ ಇಲ್ಲಿದೆ ಎಂಬುದು ನಮ್ಮ ಭಾವನೆ. ಅವರು ಮಾತನ್ನು ಉಳಿಸಿಕೊಳ್ಳುವ ಮೊದಲು ನಡೆಯನ್ನು ಉಳಿಸಿಕೊಂಡರು.

ಆ ನಡೆ ಯಾವುದು? ಮೊದಲನೆಯದು ಎದೆಯ ಮೇಲಿನ ಇಷ್ಟಲಿಂಗ. ಸ್ಥಾವರಲಿಂಗದ ಪೂಜೆಗೆ ಗುಡಿ ಬೇಕು, ಗುಡಿಗೆ ಪೂಜಾರಿ ಬೇಕು, ಪೂಜಾರಿಗೆ ಮಾನ್ಯದ ಹೊಲ ಬೇಕು, ಹೊಲಕ್ಕೆ ಅರಸನ ಶಾಸನ ಬೇಕು. ಅರಸ ಮುನಿದನೆಂದರೆ ಇಷ್ಟೂ ಒಮ್ಮೆಗೇ ಹೋಗುತ್ತದೆ. ಇಷ್ಟಲಿಂಗಕ್ಕೆ ಬೇಕಾದುದು ಒಂದು ಕರಡಿಗೆ, ಒಂದು ಶಿವದಾರ. ಬಡವನಾದರೆ ಕರಡಿಗೆಯೂ ಬೇಡ, ಒಂದು ಅರಿವೆಯ ತುಂಡು ಸಾಕು. ಉಳವಿಯ ದಟ್ಟಡವಿಯಲ್ಲಿ, ಹೊಳೆಯ ದಂಡೆಯ ಮರಳಿನ ಮೇಲೆ, ಬೆನ್ನಟ್ಟಿ ಬರುವ ದಂಡಿಗೆ ಹೆದರಿ ಅಡಗಿದ ಗವಿಯಲ್ಲಿ ಎಡಗೈಯ ಅಂಗೈಮೇಲೆ ಲಿಂಗವನ್ನಿಟ್ಟು, ವಿಭೂತಿ ಧರಿಸಿ, ಸಿಕ್ಕರೆ ಒಂದು ಪತ್ರಿ ಏರಿಸಿ ದೃಷ್ಟಿ ನೆಟ್ಟರೆ ಪೂಜೆಯಾಯಿತು. ಅದಕ್ಕೆ ನಡುವಿನವರು ಬೇಡ. ಗಂಡಸಿಗೆ ಹೇಗೋ ಹೆಣ್ಣುಮಗಳಿಗೂ ಹಾಗೆಯೇ. ಜನನ, ಮರಣ, ರಜಸ್ಸು ಎಂಬ ಸೂತಕಗಳು ಅದನ್ನು ತಡೆಯವು. ಕಲ್ಯಾಣದಿಂದ ಓಡಿಹೋದವರು ದೇವರನ್ನು ಹಿಂದೆ ಬಿಟ್ಟು ಓಡಲಿಲ್ಲ, ಸದ್ಭಕ್ತರೇ, ದೇವರನ್ನು ಕೊರಳಿನಲ್ಲಿ ಕಟ್ಟಿಕೊಂಡೇ ಓಡಿದರು. ಅರಸನ ಭಂಡಾರದವರು ಮನೆಮಠಗಳನ್ನು ಜಪ್ತು ಮಾಡಬಹುದು, ಇದನ್ನು ಹೇಗೆ ಮಾಡಿಯಾರು?

ನಾವು ಕಾಶಿಯ ಜಂಗಮವಾಡಿ ಮಠದಲ್ಲಿದ್ದು ಓದುತ್ತಿದ್ದ ದಿನಗಳಲ್ಲಿ ನಮ್ಮೊಡನೆ ಮರಾಠವಾಡೆಯ ವಟುಗಳಿದ್ದರು, ತೆಲುಗು ಸೀಮೆಯವರಿದ್ದರು. ಮೊದಲ ತಿಂಗಳುಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅಡಿಗೆಯ ಖಾರದ ವಿಷಯಕ್ಕೇ ದಿನವೂ ಜಗಳ. ಬೆಳಗಿನ ಝಾವ ಗಂಗಾಸ್ನಾನ ಮುಗಿಸಿ ಸಾಲಾಗಿ ಕುಳಿತು ಎಲ್ಲರೂ ಎಡಗೈಯನ್ನು ಎದೆಯ ಸರಿಗೆ ತಂದಾಗ ಮಾತ್ರ ಯಾರಿಗೂ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಅವನಿಗೆ ಅವನ ಊರಿನ ಗುರು ಕಲಿಸಿದುದೂ ನಮಗೆ ನಮ್ಮ ಗುರುಗಳು ಕಲಿಸಿದುದೂ ಒಂದೇ ಆಗಿತ್ತು. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಸಾಲಿನಲ್ಲಿ ಕುಳಿತಾಗ ಈ ವಿಷಯ ನಮಗೆ ಹೆಚ್ಚು ಚೆನ್ನಾಗಿ ಮನವರಿಕೆಯಾಯಿತು. ಖಾರದ ಜಗಳವೇನೋ ಕೊನೆಯವರೆಗೂ ಮುಗಿಯಲಿಲ್ಲ.

ಎರಡನೆಯದು ಪ್ರಸಾದ. ಇದರ ತೂಕ ಇಂದಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಇಂದು ಹೋಟೆಲಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವನು ಯಾರೆಂದು ನಾವು ಕೇಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮನುಷ್ಯನ ಜಾತಿಯನ್ನು ಅಳೆಯುತ್ತಿದ್ದುದು ಎರಡೇ ಅಳತೆಗೋಲಿನಿಂದ. ಯಾರ ಕೈಯಿಂದ ಉಣ್ಣುತ್ತಾನೆ, ಯಾರ ಮನೆಗೆ ಹೆಣ್ಣು ಕೊಡುತ್ತಾನೆ. ‘ಎಲ್ಲರೂ ಸಮಾನರು’ ಎಂದು ಬಾಯಲ್ಲಿ ಹೇಳಿದರೆ ಆ ಕಾಲದ ಸಮಾಜ ನಕ್ಕು ಸುಮ್ಮನಾಗುತ್ತಿತ್ತು. ಮಂತ್ರಿಯ ಪಕ್ಕದಲ್ಲಿ ಸಮಗಾರನು ಕುಳಿತು ಒಂದೇ ಪಾತ್ರೆಯ ಪ್ರಸಾದವನ್ನು ಉಂಡಾಗ ಸಮಾಜ ನಗಲಿಲ್ಲ, ನಡುಗಿತು. ಹಾಗೆ ಒಮ್ಮೆ ಉಂಡವನು ಹಿಂದಕ್ಕೆ ಹೋಗುವ ಬಾಗಿಲು ಮುಚ್ಚಿತೆಂದೇ ಅರ್ಥ. ಅವನ ಹಳೆಯ ಕುಲದವರು ಅವನನ್ನು ಮತ್ತೆ ಒಳಗೆ ಸೇರಿಸರು. ಚೆದುರಿದ ಶರಣರು ಹಳೆಯ ಕುಲಗಳಲ್ಲಿ ಸುಲಭವಾಗಿ ಕರಗದಿರಲು ಇದೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ. ಒಟ್ಟಿಗೆ ಉಂಡ ಅನ್ನವೇ ಅವರಿಗೆ ಹೊಸ ಬಂಧುತ್ವವಾಯಿತು.

ವೇದಾಂತಿಗಳು ‘ಸೋಽಹಂ’ ಎಂದರು, ಅವನೇ ನಾನು. ಶರಣರು ಮುಂದೊಂದು ಅಕ್ಷರವನ್ನು ಸೇರಿಸಿ ‘ದಾಸೋಽಹಂ’ ಎಂದರು, ನಾನು ದಾಸ. ಒಂದೇ ಅಕ್ಷರದಿಂದ ಅರ್ಥವೆಲ್ಲ ತಿರುಗಿಬಿಟ್ಟಿತು. ಸೋಽಹಂ ಎನ್ನುವವನು ಒಬ್ಬನೇ ಗವಿಯಲ್ಲಿ ಕುಳಿತು ಹೇಳಿಕೊಳ್ಳಬಹುದು. ದಾಸೋಹಕ್ಕೆ ಎದುರಿಗೆ ಇನ್ನೊಬ್ಬನು ಬೇಕೇಬೇಕು, ಉಣ್ಣುವವನಿಲ್ಲದೆ ದಾಸೋಹವಿಲ್ಲ. ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ನಿಮಗೆ ಗೊತ್ತಿದೆ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನಿಗೆ ಲಕ್ಕಮ್ಮನವರು, ಹೋಗಿ ಅಲ್ಲಿಯೇ ಸುರಿದು ಬನ್ನಿರಿ ಎಂದರು. ಕೂಡಿಡುವುದಕ್ಕಲ್ಲ, ಕೂಡಿ ಉಣ್ಣುವುದಕ್ಕೆ ಅದು.

ಮೂರನೆಯದು ಜಂಗಮ. ಜಂಗಮನೆಂದರೆ ಚಲಿಸುವವನು. ಒಂದು ಊರಿನಲ್ಲಿ ನೆಲೆ ನಿಲ್ಲದ ಚರಮೂರ್ತಿ ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದನು. ಉಳವಿಯ ಸೀಮೆಯ ಭಕ್ತನಿಗೆ ಸೊನ್ನಲಿಗೆಯ ಭಕ್ತನ ಸುದ್ದಿ ತಲುಪಿದುದು ಅವನಿಂದ. ಮಗುವಿಗೆ ಲಿಂಗ ಕಟ್ಟಿದವನು ಅವನು, ಓಲೆಗರಿಯ ಕಟ್ಟನ್ನು ಹೆಗಲಮೇಲೆ ಹೊತ್ತು ತಂದವನು ಅವನು, ಅಣ್ಣತಮ್ಮಂದಿರ ಬದುವಿನ ಜಗಳ ಬಿಡಿಸಿದವನೂ ಅವನೇ. ಅಂಚೆಯಿಲ್ಲದ ಕಾಲದಲ್ಲಿ ಇಡೀ ಸಮಾಜವೇ ಅವನ ಕಾಲಿನ ಮೇಲೆ ನಿಂತಿತ್ತು ಎನ್ನಬಹುದು.

ಮರಣದಲ್ಲಿಯೂ ಒಂದೇ ರೀತಿ. ಲಿಂಗೈಕ್ಯನಾದವನನ್ನು ಕುಳ್ಳಿರಿಸಿ, ಎಡಗೈಯಲ್ಲಿ ಅವನದೇ ಲಿಂಗವನ್ನಿಟ್ಟು, ವಿಭೂತಿ ಪತ್ರಿಗಳಿಂದ ಕ್ರಿಯಾಸಮಾಧಿ ಮಾಡುತ್ತೇವೆ. ಹುಟ್ಟಿದಾಗ ಕಟ್ಟಿದ ಲಿಂಗವೇ ಕಡೆಗೂ ಕೈಯಲ್ಲಿ. ದೇಸಾಯರಿಗೂ ಅವರ ಹೊಲದ ಆಳಿಗೂ ಕುಣಿಯ ಒಳಗಿನ ಕ್ರಮ ಬೇರೆಯಿಲ್ಲ. ಮೇಲಿನ ಗದ್ದುಗೆಯ ಕಲ್ಲು ಮಾತ್ರ ಬೇರೆಯಾಗಿರಬಹುದು.

ಇದು ನಮ್ಮವರಿಗೆ ಮಾತ್ರ ಒದಗಿದ ಅನುಭವವೇನೂ ಅಲ್ಲ. ಪಶ್ಚಿಮ ದೇಶದ ಯೆಹೂದ್ಯರ ಚರಿತ್ರೆಯನ್ನು ನೋಡಿರಿ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಅವರ ಮಹಾದೇವಾಲಯವನ್ನು ನಾಶಮಾಡಿದರು. ಅಲ್ಲಿ ನಡೆಯುತ್ತಿದ್ದ ಬಲಿ, ಪುರೋಹಿತಸೇವೆ ಎಲ್ಲ ನಿಂತುಹೋದವು. ಆ ಜನ ಹತ್ತಾರು ದೇಶಗಳಲ್ಲಿ ಹರಡಿದರು, ಹತ್ತಾರು ಭಾಷೆಗಳನ್ನು ಆಡಿದರು. ಆದರೆ ವಾರಕ್ಕೊಂದು ದಿನ ಕೆಲಸ ಬಿಟ್ಟು ದೇವರನ್ನು ನೆನೆಯುವುದು, ಮನೆಯ ಊಟದ ಮುಂದೆ ಪ್ರಾರ್ಥನೆ ಹೇಳುವುದು, ಕೂಡಿ ಕುಳಿತು ಧರ್ಮಗ್ರಂಥ ಓದುವುದು, ಇವುಗಳನ್ನು ಹೋದಲ್ಲೆಲ್ಲ ಒಯ್ದರು. ನಮ್ಮ ನೆರೆಯ ಕೊಚ್ಚಿಯಲ್ಲಿ 1568ರಲ್ಲಿ ಅವರು ಕಟ್ಟಿಕೊಂಡ ಪ್ರಾರ್ಥನಾಮಂದಿರ ಇಂದಿಗೂ ನಿಂತಿದೆ. ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ ಪಂಢರಪುರದ ವಾರಕರಿಗಳಿದ್ದಾರೆ. ಆಷಾಢದಲ್ಲಿ ಒಂದೇ ದಾರಿಯಲ್ಲಿ ಒಟ್ಟಿಗೆ ನಡೆಯುವುದೇ ಅವರನ್ನು ಒಂದು ಬಳಗ ಮಾಡಿದೆ. ತತ್ತ್ವ ಬೇರೆ ಬೇರೆ, ಬಗೆ ಒಂದೇ.

ಈಗ ನಮ್ಮ ಕಥೆಗೆ ಮರಳೋಣ. ನಡೆ ಉಳಿದುದರಿಂದ ಮಾತೂ ಹರಡಿತು. 1200ರ ಸುಮಾರಿಗೆ ಹಂಪೆಯಲ್ಲಿ ಹರಿಹರನು ಶರಣರ ರಗಳೆಗಳನ್ನು ಬರೆದನು. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದನು. ಅದನ್ನು ಆಧರಿಸಿ 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ಬಸವಪುರಾಣವನ್ನು ಹೇಳಿದನು. ನಮ್ಮ ನೆಲದ ಶರಣನ ಪುರಾಣ ತೆಲುಗಿನ ಮನೆಗೆ ಹೋಗಿ ಅಲ್ಲಿಂದ ತಿರುಗಿ ನಮ್ಮ ಮನೆಗೆ ಬಂದ ಬಗೆಯನ್ನು ನೋಡಿರಿ. ಮುಂದೆ ಚಾಮರಸನ ಪ್ರಭುಲಿಂಗಲೀಲೆಯನ್ನು 17ನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ಬೀಡ ಜಿಲ್ಲೆಯ ಕಪಿಲಧಾರದ ಮನ್ಮಥ ಸ್ವಾಮಿಗಳು ಮರಾಠಿಯಲ್ಲಿ ಪರಮರಹಸ್ಯವನ್ನು ಬರೆದರು. ಈ ನಾಲ್ಕು ಭಾಷೆಗಳ ಭಕ್ತರು ಒಬ್ಬರ ಗ್ರಂಥವನ್ನು ಒಬ್ಬರು ಓದಿದವರಲ್ಲ. ಆದರೂ ಎಲ್ಲರಿಗೂ ಲಿಂಗ, ಜಂಗಮ, ಪ್ರಸಾದ, ಪಾದೋದಕ ಎಂಬ ಮಾತುಗಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅವು ಅವರ ಮನೆಯಲ್ಲಿ ದಿನಬೆಳಗಾದರೆ ನಡೆಯುತ್ತಿದ್ದ ಕೆಲಸಗಳು.

ವಚನಗಳ ಗತಿಯೇನಾಯಿತು? ಅವು ಓಲೆಗರಿಗಳಲ್ಲಿ ಮನೆಮನೆಯ ಜಗುಲಿಯ ಮೇಲೆ ಇದ್ದವು, ಒಂದೆಡೆ ಇರಲಿಲ್ಲ. ಕಲ್ಯಾಣವಾಗಿ ಎರಡೂವರೆ ಶತಮಾನಗಳು ಕಳೆದ ಮೇಲೆ, ವಿಜಯನಗರದ ಪ್ರೌಢದೇವರಾಯನ ಆಳಿಕೆಯಲ್ಲಿ, 1424ರಿಂದ 1446ರವರೆಗಿನ ಆ ಕಾಲದಲ್ಲಿ, ಅವುಗಳನ್ನು ಕೂಡಿಸುವ ಕೆಲಸ ಭರದಿಂದ ನಡೆಯಿತು. ನೂರೊಂದು ವಿರಕ್ತರ ಹೆಸರು ಆ ಕಾಲಕ್ಕೆ ಸೇರಿದುದು. ಆ ಅರಸನ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನೇ ಶಿವತತ್ತ್ವಚಿಂತಾಮಣಿಯನ್ನು ಬರೆದನು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಮುಂದೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿ, ಒಟ್ಟು ನಾಲ್ಕು ಶೂನ್ಯಸಂಪಾದನೆಗಳು ನಮಗೆ ದೊರೆತವು. ಯಡಿಯೂರಿನ ತೋಂಟದ ಸಿದ್ಧಲಿಂಗ ಯತಿಗಳ ವಿಷಯವನ್ನು ನಾಳೆ ವಿಸ್ತಾರವಾಗಿ ಹೇಳುವವರಿದ್ದೇವೆ.

ಇಲ್ಲಿ ನೀವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೇರೆ ಬೇರೆ ಸೀಮೆಯ, ಬೇರೆ ಬೇರೆ ಕಾಯಕದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ಆಡಿದ ಮಾತುಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಹಂಚಿ ಜೋಡಿಸಲು ಆ ಸಂಕಲನಕಾರರಿಗೆ ಹೇಗೆ ಸಾಧ್ಯವಾಯಿತು? ಅವರು ಸಹ ಅದೇ ಲಿಂಗವನ್ನು ಅದೇ ರೀತಿಯಲ್ಲಿ ಪೂಜಿಸುತ್ತಿದ್ದರು. ಮೆಟ್ಟಿಲು ಹತ್ತುವವನಿಗೆ ಯಾವ ಕಲ್ಲು ಯಾವ ಮೆಟ್ಟಿಲಿನದು ಎಂದು ತಿಳಿಯುತ್ತದೆ. ಆಚಾರವೆಲ್ಲ ಅಳಿದು ಬರಿಯ ಓಲೆಗರಿಗಳು ಮಾತ್ರ ಸಿಕ್ಕಿದ್ದರೆ ಅವು ಪಂಡಿತರ ಕಪಾಟಿನ ವಸ್ತುವಾಗುತ್ತಿದ್ದವು.

ಒಂದು ಆಕ್ಷೇಪವನ್ನು ನಾವೇ ಎತ್ತುತ್ತೇವೆ. ಅರಸರ ಆಶ್ರಯವೇ ಈ ಸಮಾಜವನ್ನು ಉಳಿಸಿತಲ್ಲವೇ ಎಂದು ಇತಿಹಾಸ ಬಲ್ಲವರು ಕೇಳಬಹುದು. ಆಶ್ರಯ ಸಿಕ್ಕಿತು, ಸುಳ್ಳಲ್ಲ. ಕೆಳದಿಯ ನಾಯಕರು ನಮ್ಮವರೇ. ಆ ಮನೆತನದ ಬಸವಪ್ಪ ನಾಯಕರು ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ದೊಡ್ಡ ಗ್ರಂಥವನ್ನೇ ಬರೆದರು. ವಿದ್ಯಾರ್ಥಿದೆಸೆಯಲ್ಲಿ ಅದನ್ನು ತಿರುವಿಹಾಕಿದಾಗ ರಾಜ್ಯವಾಳುವವನಿಗೆ ಇಷ್ಟು ಬರೆಯಲು ಪುರುಸೊತ್ತು ಎಲ್ಲಿ ಸಿಕ್ಕಿತು ಎಂದು ನಮಗೆ ಬೆರಗಾಗಿತ್ತು. ಕೊಡಗಿನ ಹಾಲೇರಿ ಅರಸರೂ ಲಿಂಗವಂತರು. ಆದರೆ 1763ರಲ್ಲಿ ಹೈದರಾಲಿಯ ದಂಡು ಬಿದನೂರನ್ನು ಹಿಡಿಯಿತು, ಕೆಳದಿಯ ರಾಜ್ಯ ಹೋಯಿತು. 1824ರಲ್ಲಿ ಕಿತ್ತೂರು ಬಿದ್ದಿತು. 1834ರಲ್ಲಿ ಕೊಡಗನ್ನು ಇಂಗ್ಲಿಷರು ತೆಗೆದುಕೊಂಡರು. ಒಂದಾದ ಮೇಲೊಂದು ಸಿಂಹಾಸನಗಳು ಬಿದ್ದವು, ಮರುದಿನ ಬೆಳಿಗ್ಗೆ ಮಲೆನಾಡಿನ ಮನೆಯಲ್ಲಿ, ಕಿತ್ತೂರಿನ ಓಣಿಯಲ್ಲಿ ಲಿಂಗಪೂಜೆ ನಿಲ್ಲಲಿಲ್ಲ. ಆಶ್ರಯವೇ ಮೂಲವಾಗಿದ್ದರೆ ಆಶ್ರಯದೊಡನೆಯೇ ಎಲ್ಲವೂ ಮುಗಿಯಬೇಕಾಗಿತ್ತು.

ಹಾಗೆಂದು ನಮ್ಮವರಲ್ಲಿ ಯಾವಾಗಲೂ ಒಮ್ಮತವಿತ್ತು ಎಂದು ಹೇಳಿದರೆ ಗದ್ದುಗೆಯ ಮುಂದೆ ಕುಳಿತು ಸುಳ್ಳಾಡಿದಂತಾದೀತು. ಧರ್ಮದ ಮೂಲ ಪಂಚಾಚಾರ್ಯರಿಂದಲೋ ಬಸವಣ್ಣನವರಿಂದಲೋ, ಹೆಸರು ವೀರಶೈವವೋ ಲಿಂಗಾಯತವೋ, ಗುರುಪರಂಪರೆ ಹಿರಿದೋ ವಿರಕ್ತಪರಂಪರೆ ಹಿರಿದೋ, ಈ ವಾದಗಳಿಗೆ ನೂರಾರು ಪುಸ್ತಕಗಳಿವೆ. ಅಡ್ಡಪಲ್ಲಕ್ಕಿಯಲ್ಲಿ ಕುಳಿತು ಮೆರೆಯುವ ಹಕ್ಕಿಗಾಗಿ ಇಂಗ್ಲಿಷರ ಕಾಲದಲ್ಲಿ ಕೋರ್ಟು ಕಚೇರಿ ಹತ್ತಿದ್ದೂ ಉಂಟು. ನಡೆದಾಡುವವನೇ ಜಂಗಮನೆಂದ ಧರ್ಮದಲ್ಲಿ ಪಲ್ಲಕ್ಕಿಯ ಕೋಲು ಅಡ್ಡವಿರಬೇಕೋ ಉದ್ದವಿರಬೇಕೋ ಎಂಬುದಕ್ಕೆ ಹಣ ಸುರಿದರಲ್ಲ ಎಂದು ನಗು ಬರುತ್ತದೆ, ವ್ಯಸನವೂ ಆಗುತ್ತದೆ. 2017-18ರಲ್ಲಿ ಪ್ರತ್ಯೇಕ ಧರ್ಮದ ಪ್ರಶ್ನೆ ಬೀದಿಗೆ ಬಂದುದನ್ನು ನೀವೆಲ್ಲ ಕಣ್ಣಾರೆ ಕಂಡವರು. ಈ ವೇದಿಕೆಯ ಮೇಲೆ ಒಂದು ಮಾತು, ಆ ವೇದಿಕೆಯ ಮೇಲೆ ಇನ್ನೊಂದು ಮಾತು. ನ್ಯಾಯ ಯಾರ ಕಡೆಗಿತ್ತು ಎಂಬುದನ್ನು ಇಂದಿನ ಪ್ರವಚನದಲ್ಲಿ ನಾವು ಹೇಳಹೋಗುವುದಿಲ್ಲ. ಎರಡೂ ವೇದಿಕೆಗಳ ಮೇಲೆ ಕುಳಿತವರ ಎದೆಯ ಮೇಲೆ ಅದೇ ಲಿಂಗವಿತ್ತು, ಹಣೆಯಲ್ಲಿ ಅದೇ ವಿಭೂತಿಯಿತ್ತು ಎಂಬಷ್ಟನ್ನು ಮಾತ್ರ ಹೇಳುತ್ತೇವೆ. ಜಗಳವಾಡುವುದಕ್ಕೂ ಒಂದೇ ಮನೆಯವರಾಗಿರಬೇಕಷ್ಟೆ.

ಹಿಂದಿನ ಶತಮಾನದ ಆರಂಭದಲ್ಲಿ ಚೆದುರಿದವರನ್ನು ಮತ್ತೆ ಕೂಡಿಸುವ ಯತ್ನಗಳು ನಡೆದವು. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ವೀರಶೈವ ಮಹಾಸಭೆ ಹುಟ್ಟಿತು. ಧಾರವಾಡದಲ್ಲಿ ಕೂಡಿದ ಮೊದಲ ಅಧಿವೇಶನಕ್ಕೆ ಸಿರಸಂಗಿ ಲಿಂಗರಾಜ ದೇಸಾಯರು ಅಧ್ಯಕ್ಷರು. ತಮ್ಮ ಆಸ್ತಿಯನ್ನು ಸಮಾಜದ ಬಡಮಕ್ಕಳ ಓದಿಗೆ ಬರೆದುಕೊಟ್ಟ ಪುಣ್ಯಾತ್ಮರು ಅವರು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಸ್ಥಾಪನೆಯಾಯಿತು. ಅಲ್ಲಿ ವಟುಗಳಿಗೆ ಶಾಸ್ತ್ರಪಾಠವಷ್ಟೇ ಅಲ್ಲ, ವಿಭೂತಿ ತಯಾರಿಸುವ, ಲಿಂಗಕ್ಕೆ ಕಂತಿ ಕಟ್ಟುವ ಕೆಲಸಗಳೂ ನಡೆದವು. ಸಭೆಯಲ್ಲಿ ಠರಾವು ಪಾಸು ಮಾಡಿದರೆ ಸಾಲದು, ಭಕ್ತನ ಕೈಗೆ ಶುದ್ಧವಾದ ವಿಭೂತಿಯ ಗಟ್ಟಿ ಸಿಗಬೇಕು ಎಂಬುದನ್ನು ಕುಮಾರ ಸ್ವಾಮಿಗಳು ಅರಿತಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಕಟ್ಟಿದರು, ಅದೇ ಇಂದಿನ ಕೆ.ಎಲ್.ಇ.

ಇವರೆಲ್ಲರ ನಡುವೆ ಫ.ಗು. ಹಳಕಟ್ಟಿಯವರನ್ನು ಬೇರೆಯಾಗಿಯೇ ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದವರು. ಊರೂರು ತಿರುಗಿ ಓಲೆಗರಿಗಳನ್ನು ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅಚ್ಚುಕೂಟಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಹಿಂದೆ ಹೆಸರು ಕೂಡ ತಿಳಿಯದಿದ್ದ ವಚನಕಾರರು ಅವರ ಶ್ರಮದಿಂದ ಬೆಳಕಿಗೆ ಬಂದು, ಅವರ ಸಂಖ್ಯೆ ಇನ್ನೂರೈವತ್ತರ ಹತ್ತಿರಕ್ಕೆ ಏರಿತು. 1993ರಲ್ಲಿ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದುದು ಆ ಪುಣ್ಯಾತ್ಮರು ಹಾಕಿದ ಅಡಿಪಾಯದ ಮೇಲೆ. ಆದರೆ ವಿಚಾರ ಮಾಡಿರಿ, ಹಳಕಟ್ಟಿಯವರಿಗೆ ಆ ಓಲೆಗರಿಗಳು ಸಿಕ್ಕಿದ್ದು ಎಲ್ಲಿ? ಗ್ರಂಥಾಲಯಗಳಲ್ಲಲ್ಲ. ಮಠಗಳಲ್ಲಿ, ಭಕ್ತರ ಮನೆಯ ದೇವರ ಜಗುಲಿಗಳ ಮೇಲೆ. ಅವುಗಳಲ್ಲಿ ಎಷ್ಟೋ ಮನೆಗಳವರಿಗೆ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ. ಆದರೂ ಅಜ್ಜ ಮುತ್ತಜ್ಜರ ಕಾಲದಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಅರಿವೆಯಲ್ಲಿ ಸುತ್ತಿ ಕಾಯ್ದಿದ್ದರು. ಓದು ಬಾರದ ಭಕ್ತನ ಪೂಜೆಯೇ ಓದುಬಲ್ಲ ವಕೀಲರಿಗೆ ವಚನಗಳನ್ನು ಉಳಿಸಿಕೊಟ್ಟಿತು. ಇದನ್ನು ನೆನೆದಾಗಲೆಲ್ಲ, ಮೂಢಪೂಜೆ ಎಂದು ಬೇಗ ಜರೆಯುವವರ ಮಾತು ನಮಗೆ ಅಷ್ಟಾಗಿ ರುಚಿಸುವುದಿಲ್ಲ.

ಇನ್ನು ನಮ್ಮ ಇಂದಿನ ಸ್ಥಿತಿಗೆ ಬರೋಣ. ಕೆಲವು ನಡೆಗಳು ಇಂದಿಗೂ ಜೀವಂತವಾಗಿವೆ. ಭರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ಯುಗಾದಿಗೆ ಕಂಬಿ ಹೊತ್ತು ನಲ್ಲಮಲೆಯ ಕಾಡಿನಲ್ಲಿ ಶ್ರೀಶೈಲಕ್ಕೆ ನಡೆಯುವವರಿಗೆ ದಾರಿಯ ಊರುಗಳವರು ರೊಟ್ಟಿ, ಮಜ್ಜಿಗೆ ಸಿದ್ಧವಿಟ್ಟು ಕಾಯುತ್ತಾರೆ. ಹೊತ್ತವನ ಕುಲವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಸಿದ್ಧಗಂಗೆಯಲ್ಲಿ ಅಟವೀ ಸ್ವಾಮಿಗಳು ಹೊತ್ತಿಸಿದ ದಾಸೋಹದ ಒಲೆ ಆರಿಲ್ಲವೆಂದು ಭಕ್ತರು ಹೇಳುತ್ತಾರೆ. ಶ್ರೀ ಶಿವಕುಮಾರ ಸ್ವಾಮಿಗಳವರು ಎಲ್ಲ ಜಾತಿ ಮತಗಳ ಸಾವಿರಾರು ಮಕ್ಕಳನ್ನು ಆ ಸಾಲಿನಲ್ಲಿ ಕೂರಿಸಿದರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳ ಊಟವಾದ ಮೇಲೆಯೇ ಸುದ್ದಿ ಹೇಳಬೇಕೆಂಬುದು ಪೂಜ್ಯರ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂದುದನ್ನು ನೀವು ಓದಿರಬಹುದು.

ಆದರೆ ಎಲ್ಲವೂ ಹೀಗೆಯೇ ಇದೆಯೇ? ದೀಕ್ಷೆಯ ದಿನ ಕಟ್ಟಿದ ಲಿಂಗ ಎಷ್ಟು ಮನೆಗಳಲ್ಲಿ ಕಪಾಟಿನ ಒಳಗೆ ಸೇರಿದೆ ಎಂಬುದನ್ನು ನಾವು ಬಲ್ಲೆವು. ಮದುವೆಯ ದಿನ ಹುಡುಕಿ ತೆಗೆಯುತ್ತಾರೆ, ಶಿವದಾರ ಹೊಸದಾಗಿ ತರುತ್ತಾರೆ, ಫೋಟೋ ಆದ ಮೇಲೆ ಮತ್ತೆ ಒಳಗಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಮಾತ್ರ ಹೆಸರು ಅಚ್ಚುಕಟ್ಟಾಗಿ ಬರೆದಿರುತ್ತದೆ. ಕಲ್ಯಾಣದವರಿಗೆ ದಾಖಲೆ ಇರಲಿಲ್ಲ, ಲಿಂಗವಿತ್ತು. ನಮಗೆ ದಾಖಲೆ ಇದೆ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ, ಅದನ್ನು ಹೇಳದೆ ಬಿಡಲಾರೆವು. ಹರಳಯ್ಯನವರ ಮಗನಿಗೆ ಮಧುವರಸರ ಮಗಳನ್ನು ಕೊಟ್ಟ ಪ್ರಸಂಗಕ್ಕೆ ನೀವು ಕಣ್ಣೀರು ಹಾಕಿದಿರಿ. ಆ ಕಣ್ಣೀರು ನಿಜವಾದುದು. ಇದೇ ಮಠದ ಕಲ್ಯಾಣಮಂಟಪದಲ್ಲಿ ವಧೂವರರ ಸಮಾವೇಶ ನಡೆದಾಗ ತುಂಬಿಕೊಟ್ಟ ಅರ್ಜಿಗಳನ್ನು ನಾವು ನೋಡಿದ್ದೇವೆ. ಪಂಚಮಸಾಲಿಯವರು ಪಂಚಮಸಾಲಿಯವರೇ ಬೇಕೆಂದು ಬರೆದಿದ್ದಾರೆ, ಬಣಜಿಗರು ಬಣಜಿಗರೇ ಬೇಕೆಂದು, ಸಾದರು ಸಾದರೇ, ಗಾಣಿಗರು ಗಾಣಿಗರೇ, ಜಂಗಮರು ಜಂಗಮರೇ ಬೇಕೆಂದು. ಹಡಪದ ಅಪ್ಪಣ್ಣನವರ, ಮಡಿವಾಳ ಮಾಚಯ್ಯನವರ ಜಯಂತಿಯನ್ನು ಮೆರವಣಿಗೆ ತೆಗೆದು ಮಾಡುತ್ತೇವೆ. ಅವರ ಕಾಯಕದ ಬಂಧುಗಳ ಮನೆಯ ಹೆಣ್ಣನ್ನು ತಂದುಕೊಳ್ಳುವ ಮಾತು ಬಂದಾಗ ‘ಹಿರಿಯರು ಒಪ್ಪುವುದಿಲ್ಲ’ ಎನ್ನುತ್ತೇವೆ. ಹಿರಿಯರು ಯಾರು? ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ನೀವೇ ಅಲ್ಲವೇ? ಕಲ್ಯಾಣದಲ್ಲಿ ಎರಡು ಅಳತೆಗೋಲುಗಳಿದ್ದವು, ಊಟ ಮತ್ತು ಹೆಣ್ಣು ಕೊಡುವುದು ಎಂದು ಆಗಲೇ ಹೇಳಿದೆವು. ಶರಣರು ಎರಡನ್ನೂ ಮುರಿದರು. ನಾವು ಮೊದಲನೆಯದನ್ನು ಮುರಿದೇ ಇಟ್ಟುಕೊಂಡೆವು, ಎರಡನೆಯದನ್ನು ಮೆಲ್ಲಗೆ ಕೂಡಿಸಿ ಬೆಸೆದುಬಿಟ್ಟೆವು.

ಕಳೆದ ಐದಾರು ವರ್ಷಗಳಲ್ಲಿ ಈ ಮಠದ ಭಕ್ತರಲ್ಲಿ ಕೆಲವರು ಒಳಪಂಗಡವನ್ನು ನೋಡದೆ ಮಕ್ಕಳ ಮದುವೆ ಮಾಡಿದ್ದಾರೆ. ಅವರ ಹೆಸರನ್ನು ವೇದಿಕೆಯಿಂದ ಹೇಳಿ ಅವರನ್ನು ಸಂಕೋಚಕ್ಕೆ ಗುರಿಮಾಡುವುದಿಲ್ಲ. ಆ ಮದುವೆಗಳಿಗೆ ಎಷ್ಟೇ ದೂರವಾದರೂ ನಾವು ಸ್ವತಃ ಹೋಗಿದ್ದೇವೆ, ಮುಂದೆಯೂ ಹೋಗುತ್ತೇವೆ. ಅಂಥ ಮದುವೆಗೆ ಮಠದ ಕಲ್ಯಾಣಮಂಟಪದ ಬಾಡಿಗೆಯಿಲ್ಲ, ಪ್ರಸಾದದ ಖರ್ಚೂ ಮಠದ್ದೇ. ಈ ವಿಷಯವನ್ನು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇವೆ. ಈ ವರ್ಷದಿಂದ ವಧೂವರರ ಅರ್ಜಿಯಲ್ಲಿ ಒಳಪಂಗಡದ ಕಲಂ ಇರುವುದಿಲ್ಲ. ಆ ಜಾಗದಲ್ಲಿ ‘ಲಿಂಗದೀಕ್ಷೆಯಾಗಿದೆಯೇ, ನಿತ್ಯ ಪೂಜೆ ಉಂಟೇ’ ಎಂದು ಕೇಳಿದೆ. ಕೆಲವರಿಗೆ ಇದು ಕಹಿಯಾಗಬಹುದು. ಬಂದು ನಮ್ಮೊಡನೆ ವಾದ ಮಾಡಿರಿ, ಮಠದ ಬಾಗಿಲು ತೆರೆದೇ ಇದೆ.

ಹೊತ್ತು ಮೀರಿತು. ನಾಳೆ ಬೆಳಗಿನ ಝಾವ ಐದು ಗಂಟೆಗೆ ಸಾಮೂಹಿಕ ಲಿಂಗದೀಕ್ಷೆಯಿದೆ. ದೀಕ್ಷೆ ಪಡೆಯುವವರು ಸ್ನಾನ ಮಾಡಿ ಬರಬೇಕು. ಲಿಂಗ, ವಿಭೂತಿ, ಶಿವದಾರ ಮಠದಿಂದಲೇ ಸಿಗುತ್ತವೆ. ಕಪಾಟಿನಲ್ಲಿಟ್ಟವರು ಅದನ್ನೇ ತೆಗೆದುಕೊಂಡು ಬಂದರೂ ಆದೀತು. ಸಂಜೆ ತೋಂಟದ ಸಿದ್ಧಲಿಂಗ ಯತಿಗಳ ಚರಿತ್ರೆಯನ್ನು ಆರಂಭಿಸೋಣ. ಈಗ ಎಲ್ಲರೂ ಪ್ರಸಾದಕ್ಕೆ ಏಳಿರಿ.